ದೊಡ್ಡ ಕಾಯಿಲೆಗೆ ಯಾವ ಬಾಗಿಲು ಮೊದಲು? ಆರೋಗ್ಯ ಕರ್ನಾಟಕ, ಯಶಸ್ವಿನಿ, ಇಎಸ್‌ಐ, ಖಾಸಗಿ ವಿಮೆಗಳ ಹೋಲಿಕೆ

ಬಿಪಿಎಲ್ ಕುಟುಂಬಕ್ಕೆ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ. ಸಹಕಾರ ಸಂಘದ ಸದಸ್ಯರಿಗಿರುವ ಯಶಸ್ವಿನಿಯಲ್ಲೂ 5 ಲಕ್ಷ. ಜನ ಹೆಚ್ಚಾಗಿ ಕೊಳ್ಳುವ ಖಾಸಗಿ ಪಾಲಿಸಿಯೂ 5 ಲಕ್ಷದ್ದೇ. ಮೊತ್ತ ಒಂದೇ ಆದ ಮೇಲೆ ಯಾವುದಾದರೇನು ಅನ್ನಿಸುವುದು ಸಹಜ. ಆದರೆ ಕ್ಯಾನ್ಸರ್ ಬಂದ ಮನೆಗೆ, ಹೃದಯಾಘಾತ ಆದ ಮನೆಗೆ, ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಓಡಾಡುವ ಮನೆಗೆ ಈ ಐದು ಲಕ್ಷಗಳ ಬೆಲೆ ಬೇರೆ ಬೇರೆ. ಆದ್ದರಿಂದ ಮೊತ್ತವನ್ನು ಆಮೇಲೆ ನೋಡೋಣ. ಮೊದಲು ನೋಡಬೇಕಾದ್ದು ಮೂರು: ಅಡ್ಮಿಟ್ ಆಗುವ ಮುಂಚಿನ ಖರ್ಚು ಯಾರದು, ಚಿಕಿತ್ಸೆ ಎಷ್ಟು ಕಾಲ ನಡೆಯುತ್ತದೆ, ಒಪ್ಪಿಗೆಯ ಸಹಿ ಯಾರ ಕೈಯಲ್ಲಿದೆ. ಸರ್ಕಾರಿ ಯೋಜನೆ ಇರುವವರು ತಪ್ಪು ಬಾಗಿಲಿಂದ ಒಳಗೆ ಹೋಗಿ ದುಡ್ಡು ಕಟ್ಟಿಬಿಟ್ಟರೆ, ಕಟ್ಟಿದ್ದನ್ನು ವಾಪಸ್ ತರುವುದು ಬಹಳ ಕಷ್ಟ.

ಎಲ್ಲಕ್ಕಿಂತ ಮೊದಲು ರೇಷನ್ ಕಾರ್ಡ್

ಆರೋಗ್ಯ ಕರ್ನಾಟಕ ಶುರುವಾದದ್ದು 2018ರ ಮಾರ್ಚ್‌ನಲ್ಲಿ. ಅದೇ ವರ್ಷ ಅಕ್ಟೋಬರ್ 30ರಂದು ಕೇಂದ್ರದ ಆಯುಷ್ಮಾನ್ ಭಾರತದ ಜೊತೆ ಸೇರಿತು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ನಡುವೆ ವಿಮಾ ಕಂಪನಿ ಇಲ್ಲ, ಆಸ್ಪತ್ರೆಗೆ ಹಣ ಕೊಡುವುದು ಟ್ರಸ್ಟೇ. ಆಹಾರ ಭದ್ರತಾ ಕಾಯ್ದೆಯಡಿ ಕಾರ್ಡ್ ಇರುವ ಕುಟುಂಬಕ್ಕೆ, ಅಂದರೆ ಬಿಪಿಎಲ್ ಮತ್ತು ಅಂತ್ಯೋದಯದವರಿಗೆ, ಮನೆಮಂದಿಯೆಲ್ಲ ಸೇರಿ ವರ್ಷಕ್ಕೆ 5 ಲಕ್ಷದವರೆಗೆ ಪೂರ್ತಿ ಖರ್ಚು. ಉಳಿದವರಿಗೆ, ಅಂದರೆ ಎಪಿಎಲ್‌ನವರಿಗೆ, ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ 30 ಮಾತ್ರ. ಅದರ ವಾರ್ಷಿಕ ಮಿತಿ 1.5 ಲಕ್ಷ.

ಈ ಎರಡನೆಯ ಲೆಕ್ಕವನ್ನು ಬಹಳ ಜನ ತಪ್ಪು ತಿಳಿದಿರುತ್ತಾರೆ. 1.5 ಲಕ್ಷ ಸುಮ್ಮನೆ ಕೈಗೆ ಬರುವ ಹಣವಲ್ಲ. ಅಷ್ಟು ಬರಬೇಕಾದರೆ ಪ್ಯಾಕೇಜ್ ದರವೇ 5 ಲಕ್ಷ ಮುಟ್ಟಬೇಕು, ಉಳಿದ 3.5 ಲಕ್ಷ ನೀವು ಹಾಕಬೇಕು. ಒಂದು ಶಸ್ತ್ರಚಿಕಿತ್ಸೆಯ ಪ್ಯಾಕೇಜ್ 1,20,000 ಎನ್ನೋಣ. ಸರ್ಕಾರದಿಂದ 36,000, ನಿಮ್ಮದು 84,000. ನಿಮ್ಮ ಪಾಲನ್ನು ಪ್ಯಾಕೇಜ್ ದರದ ಮೇಲೆ ಲೆಕ್ಕ ಹಾಕುತ್ತಾರೋ ಆಸ್ಪತ್ರೆಯ ಸ್ವಂತ ದರದ ಮೇಲೋ ಎಂಬುದನ್ನು ಅಡ್ಮಿಟ್ ಆಗುವ ಮೊದಲೇ ಎಸ್ಟಿಮೇಟ್ ಹಾಳೆಯಲ್ಲಿ ಬರೆಸಿಕೊಳ್ಳಿ. ಜಗಳ ಆಗುವುದೆಲ್ಲ ಇಲ್ಲೇ.

ಹೀಗೆ ಒಂದು ರೇಷನ್ ಕಾರ್ಡು ಬಿಪಿಎಲ್‌ನಿಂದ ಎಪಿಎಲ್‌ಗೆ ಬದಲಾದರೆ ಹೋಗುವುದು ಅಕ್ಕಿ ಮಾತ್ರವಲ್ಲ. 2024ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಬಿಪಿಎಲ್ ಕಾರ್ಡುಗಳ ಪರಿಷ್ಕರಣೆ ಗದ್ದಲಕ್ಕೆ ಕಾರಣವಾದಾಗ ಚರ್ಚೆಯೆಲ್ಲ ಅನ್ನಭಾಗ್ಯದ ಸುತ್ತಲೇ ನಡೆಯಿತು. ಚಿಕಿತ್ಸೆಯ ಮಧ್ಯದಲ್ಲಿ ಇರುವವರ ಗತಿ ಏನು ಎಂದು ಕೇಳಿದವರು ಕಡಿಮೆ. ಬಿಪಿಎಲ್‌ಗೆ ಆದಾಯ ಮಿತಿ ವರ್ಷಕ್ಕೆ 1.2 ಲಕ್ಷ, ಅಂದರೆ ತಿಂಗಳಿಗೆ 10,000. ಕೂಲಿ ಮಾಡುವ ಗಂಡ ಹೆಂಡತಿ ಇಬ್ಬರೂ ದುಡಿದರೆ ದಾಟಿಬಿಡುವ ಮಿತಿ ಇದು. ಸಾಲಕ್ಕೆಂದು ಮನೆಯಲ್ಲಿ ಯಾರೋ ಒಬ್ಬರು ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದ್ದರೂ ಪರಿಷ್ಕರಣೆಯ ಕಣ್ಣಿಗೆ ಬೀಳಬಹುದು.

ಆದ್ದರಿಂದ ಕಾಯಿಲೆಯ ಸುಳಿವು ಸಿಕ್ಕ ವಾರದಲ್ಲೇ ಮಾಡಬೇಕಾದ ಕೆಲಸ: ಕಾರ್ಡು ಚಾಲ್ತಿಯಲ್ಲಿದೆಯೇ ಎಂದು ಆಹಾರ ಇಲಾಖೆಯ ಜಾಲತಾಣದಲ್ಲೋ ನ್ಯಾಯಬೆಲೆ ಅಂಗಡಿಯಲ್ಲೋ ನೋಡಿಕೊಳ್ಳುವುದು. ರೋಗಿಯ ಹೆಸರು ಅದರಲ್ಲಿದೆಯೇ ನೋಡುವುದು. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನ ಕಾರ್ಡಿನಲ್ಲೇ ಉಳಿದಿರುತ್ತದೆ, ಮಗುವಿನ ಹೆಸರು ಸೇರಿಸಿರುವುದಿಲ್ಲ, ಆಧಾರ್‌ನಲ್ಲಿ ‘ಲಕ್ಷ್ಮಮ್ಮ’ ಕಾರ್ಡಿನಲ್ಲಿ ‘ಲಕ್ಷ್ಮಿದೇವಿ’ ಆಗಿರುತ್ತದೆ. ಆಮೇಲೆ ಗ್ರಾಮ ಒನ್, ಕರ್ನಾಟಕ ಒನ್ ಅಥವಾ ಬೆಂಗಳೂರು ಒನ್‌ನಲ್ಲಿ ಆಯುಷ್ಮಾನ್ ಕಾರ್ಡ್ ಮಾಡಿಸಿ. ಮನೆಯಲ್ಲಿ ಎಲ್ಲರಿಗೂ ಬೇರೆ ಬೇರೆ ಕಾರ್ಡು ಬೇಕು, ಯಜಮಾನರದ್ದೊಂದೇ ಸಾಲದು.

ರೆಫರಲ್ ಇಲ್ಲದೆ ಖಾಸಗಿ ಆಸ್ಪತ್ರೆಗೆ ಕಾಲಿಡಬೇಡಿ

ಯೋಜನೆಯಲ್ಲಿ 1,650 ಚಿಕಿತ್ಸೆಗಳ ಪಟ್ಟಿ ಇದೆ. ಅದರಲ್ಲಿ ತುರ್ತು ಚಿಕಿತ್ಸೆಗಳಿಗೆ ನೇರವಾಗಿ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಉಳಿದದ್ದಕ್ಕೆ ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆ ಚಿಕಿತ್ಸೆ ಇಲ್ಲ ಎಂದಾಗ ರೆಫರಲ್ ಪತ್ರ ಬರೆಯುತ್ತಾರೆ, ಆಮೇಲೆ ಖಾಸಗಿ. ಈ ಕ್ರಮವನ್ನು ತಲೆಕೆಳಗು ಮಾಡುವುದೇ ಸಾಮಾನ್ಯ ತಪ್ಪು. ಊರಿನ ಪರಿಚಯದ ಡಾಕ್ಟರು ಹೇಳಿದರೆಂದು ನೇರ ಖಾಸಗಿಗೆ ಹೋಗಿ, ಡೆಪಾಸಿಟ್ ಕಟ್ಟಿ, ಮೂರನೇ ದಿನ ಬಿಲ್ ಏರಿದಾಗ ಬಿಪಿಎಲ್ ಕಾರ್ಡ್ ಹೊರತೆಗೆಯುತ್ತಾರೆ. ಆಗ ಅದು ನಡೆಯುವುದಿಲ್ಲ, ಯಾಕೆಂದರೆ ಚಿಕಿತ್ಸೆ ಶುರುವಾಗುವ ಮುಂಚೆಯೇ ಆನ್‌ಲೈನ್‌ನಲ್ಲಿ ಒಪ್ಪಿಗೆ ಬಂದಿರಬೇಕು.

ಪ್ರತಿ ನೋಂದಾಯಿತ ಆಸ್ಪತ್ರೆಯಲ್ಲಿ ರೋಗಿಗಳಿಗೆ ಯೋಜನೆಯ ದಾರಿ ತೋರಿಸುವ ಆರೋಗ್ಯ ಮಿತ್ರ ಇರುತ್ತಾರೆ. ಡಾಕ್ಟರನ್ನು ನೋಡುವ ಮೊದಲೇ ಅವರನ್ನು ಕಾಣಿ. ಕೇಳಬೇಕಾದ್ದು ನಾಲ್ಕೇ ಮಾತು: ನಮ್ಮ ಚಿಕಿತ್ಸೆ ಪಟ್ಟಿಯಲ್ಲಿದೆಯೇ, ಈ ಆಸ್ಪತ್ರೆ ಆ ವಿಭಾಗಕ್ಕೇ ನೋಂದಣಿ ಆಗಿದೆಯೇ, ರೆಫರಲ್ ಬೇಕೇ, ಪ್ಯಾಕೇಜ್‌ನಲ್ಲಿ ಏನೇನು ಸೇರಿದೆ. ಎರಡನೆಯ ಪ್ರಶ್ನೆ ಮುಖ್ಯ. ಒಂದು ಆಸ್ಪತ್ರೆ ಮೂಳೆ ವಿಭಾಗಕ್ಕೆ ನೋಂದಾಯಿಸಿಕೊಂಡು ಹೃದಯ ವಿಭಾಗಕ್ಕೆ ನೋಂದಾಯಿಸದೆ ಇರಬಹುದು. ಹೊರಗಿನ ಫಲಕ ನೋಡಿ ಮೋಸಹೋಗುವುದು ಹೀಗೆ.

ಖಾಸಗಿಯವರು ‘ಬೆಡ್ ಇಲ್ಲ’ ಎನ್ನುವುದರ ಹಿಂದೆ ರಾಜಕೀಯವೂ ಇದೆ, ಲೆಕ್ಕವೂ ಇದೆ. ಪ್ಯಾಕೇಜ್ ದರ ಕಡಿಮೆ, ಬಾಕಿ ಹಣ ತಡವಾಗಿ ಬರುತ್ತದೆ ಎಂಬುದು ಅವರ ದೂರು. ದರ ಏರಿಸಿದರೆ ಬೊಕ್ಕಸ ತಾಳುವುದಿಲ್ಲ ಎಂಬುದು ಸರ್ಕಾರದ ಉತ್ತರ. ಕೇಂದ್ರ ಮತ್ತು ರಾಜ್ಯದ ಪಾಲು 60:40 ಎಂದು ಕಾಗದದಲ್ಲಿದೆ. ಆದರೆ ಕೇಂದ್ರ ತನ್ನ ಪಟ್ಟಿಯಲ್ಲಿರುವ ಕುಟುಂಬಗಳಿಗೆ ಮಾತ್ರ ಪಾಲು ಕೊಡುತ್ತದೆ, ರಾಜ್ಯ ಎಲ್ಲ ಬಿಪಿಎಲ್ ಕುಟುಂಬಗಳಿಗೂ ಎಪಿಎಲ್‌ನವರಿಗೂ ಕೊಡುತ್ತದೆ. ನಡುವಿನ ಅಂತರ ರಾಜ್ಯದ ಹೆಗಲಿಗೆ. 2024ರ ಅಕ್ಟೋಬರ್ 29ರಂದು ಕೇಂದ್ರ 70 ವರ್ಷ ದಾಟಿದ ಎಲ್ಲರಿಗೂ, ಆದಾಯ ನೋಡದೆ, 5 ಲಕ್ಷದ ವಯ ವಂದನಾ ಕಾರ್ಡ್ ಘೋಷಿಸಿದಾಗಲೂ ಕರ್ನಾಟಕದಲ್ಲಿ ಎದ್ದದ್ದು ಇದೇ ಹಣ ಹಂಚಿಕೆಯ ಪ್ರಶ್ನೆ. ಅಪ್ಪ ಅಮ್ಮನಿಗೆ ಆ ಕಾರ್ಡ್ ಬರುತ್ತದೆಂದು ಇರುವ ಪಾಲಿಸಿಯನ್ನು ನಿಲ್ಲಿಸುವ ಮೊದಲು, ನಿಮ್ಮೂರಿನ ಆಸ್ಪತ್ರೆಯ ಆರೋಗ್ಯ ಮಿತ್ರರ ಬಾಯಲ್ಲಿ ‘ಇಲ್ಲಿ ನಡೆಯುತ್ತದೆ’ ಎಂಬ ಮಾತು ಕೇಳಿಸಿಕೊಳ್ಳಿ.

ಬೆಳಗಾವಿ, ವಿಜಯಪುರದ ಕಡೆಯಿಂದ ಮಿರಜ್, ಸೊಲ್ಲಾಪುರಕ್ಕೆ ಹೋಗುವವರಿಗೆ ಒಂದು ಎಚ್ಚರಿಕೆ. ಹೊರರಾಜ್ಯದಲ್ಲಿ ನಡೆಯುವುದು ಆಯುಷ್ಮಾನ್ ಭಾರತದ ಪಟ್ಟಿಯಲ್ಲಿರುವ ಕುಟುಂಬಕ್ಕೆ. ರಾಜ್ಯ ತಾನಾಗಿ ಸೇರಿಸಿದ ಕುಟುಂಬಕ್ಕೆ ಗಡಿ ದಾಟಿದರೆ ಖಾತ್ರಿ ಇಲ್ಲ. ಹೊರಡುವ ಮೊದಲು ಆಯುಷ್ಮಾನ್ ಭಾರತದ ಸಹಾಯವಾಣಿ 14555ಕ್ಕೆ ಫೋನ್ ಮಾಡಿ ವಿಚಾರಿಸಿ.

ಎಪಿಎಲ್ ರೈತರಿಗೆ ಯಶಸ್ವಿನಿ

2003ರಲ್ಲಿ ತಿಂಗಳಿಗೆ ಐದು ರೂಪಾಯಿಯ ಲೆಕ್ಕದಲ್ಲಿ ಶುರುವಾಗಿ, 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಕರಗಿಹೋಗಿ, 2022ರ ಕೊನೆಗೆ ಮತ್ತೆ ಎದ್ದುಬಂದ ಯೋಜನೆ ಇದು. ಮತ್ತೆ ಶುರುವಾದಾಗ ಗೊತ್ತುಮಾಡಿದ ದರ: ಗ್ರಾಮೀಣ ಸಹಕಾರ ಸಂಘದ ಸದಸ್ಯರಿಗೆ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500, ಹೆಚ್ಚಿನ ಪ್ರತಿ ಸದಸ್ಯರಿಗೆ 100. ನಗರದ ಸಹಕಾರ ಸಂಘದವರಿಗೆ 1,000 ಮತ್ತು 200. ಪರಿಶಿಷ್ಟ ಜಾತಿ, ಪಂಗಡದ ಸದಸ್ಯರ ಪಾಲು ಸರ್ಕಾರದ್ದು.

ಬಿಪಿಎಲ್ ಕಾರ್ಡ್ ಇದ್ದವರಿಗೆ ಇದರಿಂದ ದೊಡ್ಡ ಲಾಭವಿಲ್ಲ. ಆದರೆ ಎಪಿಎಲ್ ಕಾರ್ಡಿರುವ, ಹಾಲಿನ ಡೇರಿಗೆ ಹಾಲು ಹಾಕುವ ಅಥವಾ ಸೊಸೈಟಿಯಲ್ಲಿ ಬೆಳೆಸಾಲ ತೆಗೆಯುವ ರೈತ ಕುಟುಂಬಕ್ಕೆ ಇದಕ್ಕಿಂತ ಅಗ್ಗದ ರಕ್ಷಣೆ ಬೇರೆ ಇಲ್ಲ. ಒಂದು ಕಡೆ ಶೇ 30, ಇನ್ನೊಂದು ಕಡೆ ಐದು ನೂರು ರೂಪಾಯಿಗೆ 5 ಲಕ್ಷದವರೆಗೆ. ಈ ಹೋಲಿಕೆಯಲ್ಲಿ ಯೋಚಿಸಲು ಏನೂ ಉಳಿಯುವುದಿಲ್ಲ.

ತೊಂದರೆ ಎರಡು. ನೋಂದಣಿ ವರ್ಷವಿಡೀ ತೆರೆದಿರುವುದಿಲ್ಲ. ಕಾಯಿಲೆ ಗೊತ್ತಾದ ಮೇಲೆ ಸೊಸೈಟಿ ಕಾರ್ಯದರ್ಶಿಯ ಮನೆಗೆ ಓಡಿದರೆ ‘ಮುಂದಿನ ಸಲ ಬನ್ನಿ’ ಎನ್ನುತ್ತಾರೆ, ಅವರ ಕೈಯಲ್ಲೂ ಏನೂ ಇರುವುದಿಲ್ಲ. ಎರಡನೆಯದು, ಯಶಸ್ವಿನಿ ಹುಟ್ಟಿದ್ದು ಶಸ್ತ್ರಚಿಕಿತ್ಸೆಯ ಯೋಜನೆಯಾಗಿ. ಹಳೆಯ ಅವತಾರದಲ್ಲಿ ಕೀಮೋ, ಡಯಾಲಿಸಿಸ್ ಇದರ ಹೊರಗಿದ್ದವು. ಈಗಿನ ಪಟ್ಟಿ ದೊಡ್ಡದು, ಆದರೂ ನಿಮ್ಮ ಕಾಯಿಲೆಗೆ ಬೇಕಾದ ಚಿಕಿತ್ಸೆಯ ಹೆಸರು ಹಿಡಿದು ಕೇಳಿ. ‘ಕ್ಯಾನ್ಸರ್ ಬರುತ್ತದಾ’ ಎಂದು ಕೇಳಬೇಡಿ. ‘ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಬರುತ್ತದಾ, ಕೀಮೋ ಬರುತ್ತದಾ, ರೇಡಿಯೇಷನ್ ಬರುತ್ತದಾ’ ಎಂದು ಬಿಡಿಬಿಡಿಯಾಗಿ ಕೇಳಿ. ಸಿಗುವುದು ಜನರಲ್ ವಾರ್ಡ್. ಬೇರೆ ರೂಮು ಬೇಕೆಂದರೆ ವ್ಯತ್ಯಾಸ ನಿಮ್ಮದೇ.

ಇಎಸ್‌ಐ: ಜನ ಅಂದುಕೊಂಡದ್ದಕ್ಕಿಂತ ದೊಡ್ಡದು

ಗಾರ್ಮೆಂಟ್ಸ್‌ನಲ್ಲಿ, ಸೆಕ್ಯೂರಿಟಿ ಏಜೆನ್ಸಿಯಲ್ಲಿ, ಅಂಗಡಿಯಲ್ಲಿ ದುಡಿಯುವವರಲ್ಲಿ ಬಹಳ ಜನ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಅಂದರೆ ಸಂಬಳದಲ್ಲಿ ಕಡಿತ, ಡಿಸ್ಪೆನ್ಸರಿಯಲ್ಲಿ ಸಾಲು ಎಂದಷ್ಟೇ ತಿಳಿದಿರುತ್ತಾರೆ. ತಿಂಗಳ ಸಂಬಳ 21,000 ಮೀರದವರಿಗೆ ಇದು ಕಡ್ಡಾಯ. ಕಾರ್ಮಿಕರ ಪಾಲು ಶೇ 0.75, ಮಾಲೀಕರದ್ದು ಶೇ 3.25. ಸಂಬಳ 20,000 ಇದ್ದರೆ ನಿಮ್ಮಿಂದ ಹೋಗುವುದು 150 ರೂಪಾಯಿ.

ಅದಕ್ಕೆ ಸಿಗುವುದೇನು? ಚಿಕಿತ್ಸೆಗೆ ಹಣದ ಮಿತಿ ಇಲ್ಲ. ಹೊರರೋಗಿ ಚಿಕಿತ್ಸೆ, ಔಷಧ, ಪರೀಕ್ಷೆ ಎಲ್ಲ ಸೇರಿದೆ. ಹೆಂಡತಿ ಅಥವಾ ಗಂಡ, ಮಕ್ಕಳು, ಅವಲಂಬಿತ ತಂದೆ ತಾಯಿಗೂ ಚಿಕಿತ್ಸೆ ಉಂಟು. ಮುಖ್ಯವಾಗಿ, ಕೆಲಸಕ್ಕೆ ಹೋಗಲಾಗದ ದಿನಗಳ ಕೂಲಿ. ಕಾಯಿಲೆ ಭತ್ಯೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70. ಕ್ಯಾನ್ಸರ್, ಕ್ಷಯದಂಥ 34 ದೀರ್ಘ ಕಾಯಿಲೆಗಳಿಗೆ ಎರಡು ವರ್ಷದವರೆಗೆ ಶೇ 80. ಆರೋಗ್ಯ ಕರ್ನಾಟಕವಾಗಲಿ ಸಾಮಾನ್ಯ ಖಾಸಗಿ ಪಾಲಿಸಿಯಾಗಲಿ ಇದನ್ನು ಕೊಡುವುದಿಲ್ಲ. ದೊಡ್ಡ ಕಾಯಿಲೆಯಲ್ಲಿ ಮನೆ ಮುಳುಗುವುದು ಆಸ್ಪತ್ರೆ ಬಿಲ್ಲಿನಿಂದಷ್ಟೇ ಅಲ್ಲ, ದುಡಿಯುವ ಕೈ ನಿಂತದ್ದರಿಂದ ಕೂಡ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದು ನಮ್ಮಲ್ಲಿ ಇಎಸ್‌ಐ ಒಂದೇ ಎನ್ನಬಹುದು.

ಎಡವುವುದು ದಿನಗಳ ಲೆಕ್ಕದಲ್ಲಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಆರು ತಿಂಗಳಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿದ್ದರೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಭತ್ಯೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಟ್ಟಿದ್ದಕ್ಕೆ ಜುಲೈಯಿಂದ ಡಿಸೆಂಬರ್. ದೀರ್ಘ ಕಾಯಿಲೆಯ ಭತ್ಯೆಗೆ ಎರಡು ವರ್ಷದ ಸತತ ಸೇವೆ, ಅದರ ನಾಲ್ಕು ಅವಧಿಗಳಲ್ಲಿ ಒಟ್ಟು 156 ದಿನದ ವಂತಿಗೆ ಬೇಕು. ಆದ್ದರಿಂದ ಕಾಯಿಲೆ ಗೊತ್ತಾದ ಕೂಡಲೇ ರಾಜೀನಾಮೆ ಕೊಡಬೇಡಿ. ಕಾಂಟ್ರಾಕ್ಟರ್ ಹೆಸರು ತೆಗೆದುಹಾಕಿದ್ದಾನೋ ಎಂದು ಇಎಸ್‌ಐ ಪೋರ್ಟಲಿನಲ್ಲಿ ನಿಮ್ಮ ವಿಮಾ ಸಂಖ್ಯೆ ಹಾಕಿ ನೋಡಿ. ವಂತಿಗೆ ಕಡಿದುಕೊಂಡು ಕಟ್ಟದೇ ಇರುವ ಮಾಲೀಕರೂ ಇದ್ದಾರೆ. ಮಧ್ಯದಲ್ಲಿ ಸಂಬಳ 21,000 ದಾಟಿದರೂ ಆ ಆರು ತಿಂಗಳ ಅವಧಿ ಮುಗಿಯುವವರೆಗೆ ರಕ್ಷಣೆ ಮುಂದುವರಿಯುತ್ತದೆ.

ಇಎಸ್‌ಐನಲ್ಲೂ ರೆಫರಲ್ಲೇ ದಾರಿ. ಡಿಸ್ಪೆನ್ಸರಿಯಿಂದ ಇಎಸ್‌ಐ ಆಸ್ಪತ್ರೆಗೆ, ಅಲ್ಲಿಂದ ಒಪ್ಪಂದದ ಖಾಸಗಿ ಆಸ್ಪತ್ರೆಗೆ. ಪತ್ರಕ್ಕೆ ಅವಧಿ ಇರುತ್ತದೆ. ಕೀಮೋದಂಥ ಹಲವು ಸುತ್ತಿನ ಚಿಕಿತ್ಸೆಯಲ್ಲಿ ಅವಧಿ ಮುಗಿಯುವ ವಾರ ಮೊದಲೇ ನವೀಕರಿಸಿಕೊಳ್ಳಿ. ನಿಧಾನ, ಸಾಲು, ಗೊಣಗುವ ಗುಮಾಸ್ತರು, ಎಲ್ಲ ಇದೆ. ಆದರೂ 20,000 ಸಂಬಳದವರು ಇಎಸ್‌ಐ ಬಿಟ್ಟು ಸಾಲ ಮಾಡಿ ಖಾಸಗಿಗೆ ಹೋಗುವುದನ್ನು ನಾವು ಯಾರಿಗೂ ಸೂಚಿಸುವುದಿಲ್ಲ.

ಖಾಸಗಿ ವಿಮೆ: ಕೊಳ್ಳುವಾಗ ಓದಬೇಕಾದ ಸಾಲುಗಳು

ಆರೋಗ್ಯವಾಗಿದ್ದಾಗ ಕೊಳ್ಳುವ ವಸ್ತು ಇದು. ಕಾಯಿಲೆ ಗೊತ್ತಾದ ಮೇಲೆ ಕೊಂಡರೆ ಆ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು. 2024ಕ್ಕೆ ಮೊದಲು ಈ ಮಿತಿ ನಾಲ್ಕು ವರ್ಷವಿತ್ತು. ಹೊಸ ಪಾಲಿಸಿಯ ಮೊದಲ 30 ದಿನ ಅಪಘಾತ ಬಿಟ್ಟು ಬೇರೇನೂ ಸಿಗುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬ ಆರೋಗ್ಯ ವಿಮೆಯ ಮೇಲಿನ ಶೇ 18 ಜಿಎಸ್‌ಟಿ ಹೋಗಿದೆ. ಏಜೆಂಟರ ಹಳೆಯ ಕೊಟೇಶನ್‌ನಲ್ಲಿ ಅದಿನ್ನೂ ಸೇರಿದೆಯೇ ನೋಡಿ.

ಬಿಪಿ, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದರೆ ಅರ್ಜಿಯಲ್ಲಿ ಬರೆಯಿರಿ. ‘ಬರೆಯೋದು ಬೇಡ ಸಾರ್, ಪ್ರೀಮಿಯಂ ಜಾಸ್ತಿ ಆಗುತ್ತೆ’ ಎನ್ನುವ ಏಜೆಂಟ್ ಕ್ಲೇಮಿನ ದಿನ ಫೋನ್ ಎತ್ತುವುದಿಲ್ಲ. ಸತತ 60 ತಿಂಗಳು ಪಾಲಿಸಿ ನಡೆದ ಮೇಲೆ, ವಂಚನೆ ಸಾಬೀತಾದರೆ ಬಿಟ್ಟು, ‘ಮುಚ್ಚಿಟ್ಟಿದ್ದೀರಿ’ ಎಂದು ಕಂಪನಿ ಕ್ಲೇಮು ತಳ್ಳಿಹಾಕುವಂತಿಲ್ಲ. ಅದಕ್ಕೆ ಮೊದಲು ತಳ್ಳಿಹಾಕಬಹುದು, ತಳ್ಳಿಹಾಕುತ್ತಾರೆ ಕೂಡ.

ಎಲ್ಲಕ್ಕಿಂತ ಹೆಚ್ಚು ಹಣ ಕಳೆಯುವ ಸಾಲು ರೂಮ್ ಬಾಡಿಗೆ ಮಿತಿ. 5 ಲಕ್ಷದ ಪಾಲಿಸಿಯಲ್ಲಿ ‘ದಿನಕ್ಕೆ ಶೇ 1’ ಎಂದಿದ್ದರೆ 5,000. ನೀವು 10,000ದ ರೂಮಿಗೆ ಹೋಗಿ ಐದು ದಿನ ಇದ್ದಿರಿ ಎನ್ನೋಣ. ಬಾಡಿಗೆಯ ವ್ಯತ್ಯಾಸ 25,000 ತಾನೇ ಅಂದುಕೊಳ್ಳುತ್ತೀರಿ. ಅಷ್ಟಕ್ಕೇ ನಿಲ್ಲುವುದಿಲ್ಲ. ಸರ್ಜನ್ ಶುಲ್ಕ, ಅರಿವಳಿಕೆ, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲವೂ ಅದೇ ಅನುಪಾತದಲ್ಲಿ ಅರ್ಧವಾಗುತ್ತವೆ. ಅವು 2,00,000 ಆಗಿದ್ದರೆ ಬರುವುದು 1,00,000. ಔಷಧ, ಸ್ಟೆಂಟಿನಂಥ ಒಳಗಿಡುವ ವಸ್ತು, ಪರೀಕ್ಷೆಗಳಿಗೆ ಈ ಕಡಿತ ಹಾಕುವಂತಿಲ್ಲ. ಅವು 1,50,000 ಇದ್ದರೆ ಪೂರ್ತಿ. ಒಟ್ಟು ಬಿಲ್ 4,00,000, ಬಂದದ್ದು 2,75,000, ಕೈಯಿಂದ 1,25,000. ಪ್ರೀಮಿಯಂ ಸ್ವಲ್ಪ ಹೆಚ್ಚಾದರೂ ರೂಮ್ ಮಿತಿ ಇಲ್ಲದ ಪಾಲಿಸಿ ಕೊಳ್ಳಿ. ಕೊಂಡಾಗಿದ್ದರೆ ಮಿತಿಯೊಳಗಿನ ರೂಮನ್ನೇ ಕೇಳಿ, ನೆಂಟರ ಮರ್ಯಾದೆಗೆ ಡೀಲಕ್ಸ್ ಹಿಡಿಯಬೇಡಿ.

ಮೊತ್ತ ಸಾಲದು ಅನ್ನಿಸಿದರೆ ಟಾಪ್-ಅಪ್, ಸೂಪರ್ ಟಾಪ್-ಅಪ್ ಎಂದು ಎರಡಿವೆ. ಹೆಸರು ಹತ್ತಿರ, ಕೆಲಸ ದೂರ. 5 ಲಕ್ಷ ದಾಟಿದ ಮೇಲೆ ಕೊಡುವ ಪಾಲಿಸಿ ಎನ್ನಿ. ಒಂದೇ ವರ್ಷದಲ್ಲಿ ಮೂರು ಸಲ ಮೂರು ಮೂರು ಲಕ್ಷದ ಬಿಲ್ ಬಂತು. ಟಾಪ್-ಅಪ್ ಪ್ರತಿ ಬಿಲ್ಲನ್ನೂ ಬೇರೆಯಾಗಿ ನೋಡುತ್ತದೆ, ಯಾವುದೂ 5 ಲಕ್ಷ ದಾಟಿಲ್ಲ, ಒಂದು ರೂಪಾಯಿಯೂ ಇಲ್ಲ. ಸೂಪರ್ ಟಾಪ್-ಅಪ್ ಮೂರನ್ನೂ ಕೂಡುತ್ತದೆ, 9 ಲಕ್ಷದಲ್ಲಿ 5 ಕಳೆದು 4 ಲಕ್ಷ ಕೊಡುತ್ತದೆ. ಕ್ಯಾನ್ಸರ್, ಕಿಡ್ನಿಯಂಥ ಕಂತುಕಂತಾಗಿ ಬರುವ ಖರ್ಚಿಗೆ ಸೂಪರ್ ಟಾಪ್-ಅಪ್ ಮಾತ್ರ ಉಪಯೋಗ.

ಕ್ರಿಟಿಕಲ್ ಇಲ್ನೆಸ್ ಪಾಲಿಸಿ ಇನ್ನೊಂದು ಜಾತಿ. ಪಟ್ಟಿಯ ಕಾಯಿಲೆ ಪತ್ತೆಯಾದರೆ ಇಡೀ ಮೊತ್ತ ಒಂದೇ ಸಲ ಕೈಗೆ. ಕೂಲಿ ನಷ್ಟ, ಬಡ್ಡಿ, ಮಕ್ಕಳ ಫೀಸು, ಯಾವುದಕ್ಕಾದರೂ ಬಳಸಬಹುದು. ಆದರೆ ವ್ಯಾಖ್ಯಾನ ಬಿಗಿ. ಹುಟ್ಟಿದ ಜಾಗ ಬಿಟ್ಟು ಹರಡದ ಆರಂಭಿಕ ಹಂತದ ಕ್ಯಾನ್ಸರ್ ಲೆಕ್ಕಕ್ಕಿಲ್ಲ. ಎದೆ ತೆರೆದು ಮಾಡುವ ಬೈಪಾಸ್ ಇರುತ್ತದೆ, ಸ್ಟೆಂಟ್ ಹಾಕಿದ್ದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಮೊದಲ 90 ದಿನ ಕಾಯಬೇಕು, ಬಹಳ ಪಾಲಿಸಿಗಳಲ್ಲಿ ಕಾಯಿಲೆ ಪತ್ತೆಯಾದ ಮೇಲೆ 30 ದಿನ ಬದುಕಿರಬೇಕು ಎಂಬ ಷರತ್ತೂ ಇದೆ. ಮಾಮೂಲಿ ಆಸ್ಪತ್ರೆ ಪಾಲಿಸಿಯ ಬದಲಿಗೆ ಇದನ್ನು ಕೊಳ್ಳಬಾರದು, ಅದರ ಜೊತೆಗೆ ಕೊಳ್ಳಬಹುದು.

ಕಂಪನಿ ಕೊಟ್ಟ ಗುಂಪು ವಿಮೆ ಒಳ್ಳೆಯದೇ, ಹಳೆಯ ಕಾಯಿಲೆಗಳೂ ಸಾಮಾನ್ಯವಾಗಿ ಮೊದಲ ದಿನದಿಂದಲೇ ಸೇರಿರುತ್ತವೆ. ಆದರೆ ಕಾಯಿಲೆಯಿಂದ ಕೆಲಸ ಹೋದರೆ ವಿಮೆಯೂ ಹೋಗುತ್ತದೆ. ಕೆಲಸ ಬಿಡುವ ಮುನ್ನ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಳ್ಳಲು ಎಚ್‌ಆರ್‌ಗೆ ಬರೆದು ಕೇಳಿ. ಕಾದ ವರ್ಷಗಳ ಲೆಕ್ಕ ಉಳಿಯುವುದು ಹಾಗೆ.

ಹೃದಯಾಘಾತದಲ್ಲಿ

ಹೋಲಿಸುತ್ತಾ ಕೂರುವ ಹೊತ್ತಲ್ಲ. ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಜಾರಿಯಾದ ಕಡೆಗಳಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ಹೊರಗೆ ಅದಕ್ಕೆ ಹತ್ತಾರು ಸಾವಿರ. ಕಾರ್ಡು ಆಮೇಲೆ ತರಬಹುದು. ಅಲ್ಲಿಂದ ಮುಂದಕ್ಕೆ ಸರ್ಕಾರಿ ಹೃದ್ರೋಗ ಆಸ್ಪತ್ರೆ ಜಯದೇವ ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿದೆ. ಹೃದಯದ ಖರ್ಚು ಹೆಚ್ಚಾಗಿ ಒಂದೇ ಸಲದ್ದು, ಆದ್ದರಿಂದ 5 ಲಕ್ಷದ ಯಾವ ರಕ್ಷಣೆಯಾದರೂ ಬಹುಮಟ್ಟಿಗೆ ಸಾಲುತ್ತದೆ. ಬಿಲ್ಲಿನಲ್ಲಿ ಸ್ಟೆಂಟಿನ ಬ್ರ್ಯಾಂಡ್ ಮತ್ತು ದರ ಬೇರೆಯಾಗಿ ಬರೆಸಿ, 2017ರಿಂದ ಅದಕ್ಕೆ ಗರಿಷ್ಠ ಬೆಲೆ ನಿಗದಿಯಾಗಿದೆ. ಜೀವನಪೂರ್ತಿ ಮಾತ್ರೆಗೆ ಜನೌಷಧಿ ಅಂಗಡಿ ನೋಡಿ.

ಕ್ಯಾನ್ಸರ್‌ನಲ್ಲಿ

ಇಲ್ಲಿ ಮೊದಲ ಹೊಡೆತ ಚಿಕಿತ್ಸೆಗೆ ಮುಂಚೆಯೇ ಬೀಳುತ್ತದೆ. ಬಯಾಪ್ಸಿ, ಸ್ಕ್ಯಾನ್, ಪೆಟ್ ಸ್ಕ್ಯಾನ್, ಇಂಥದ್ದೇ ಕ್ಯಾನ್ಸರ್ ಎಂದು ನಿರ್ಧರಿಸುವ ವಿಶೇಷ ಪರೀಕ್ಷೆಗಳು. ಸರ್ಕಾರಿ ಯೋಜನೆಗಳ ಪ್ಯಾಕೇಜ್ ಚಿಕಿತ್ಸೆಯ ಸುತ್ತ ಕಟ್ಟಿದ್ದು. ಆಯುಷ್ಮಾನ್ ಭಾರತದ ನಿಯಮದಲ್ಲಿ ಅಡ್ಮಿಟ್ ಆಗುವ ಮೊದಲಿನ 3 ದಿನ, ಡಿಸ್ಚಾರ್ಜ್ ನಂತರದ 15 ದಿನ ಸೇರಿವೆ, ಆದರೆ ರೋಗ ಏನೆಂದು ಹುಡುಕುವುದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಆದ್ದರಿಂದ ಬಿಪಿಎಲ್ ಕುಟುಂಬದವರು ಅನುಮಾನದ ಹಂತದಲ್ಲೇ ಬೆಂಗಳೂರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿಗೋ ಹತ್ತಿರದ ಸರ್ಕಾರಿ ವೈದ್ಯಕೀಯ ಕಾಲೇಜಿಗೋ ಹೋಗುವುದು ಲೇಸು. ಖಾಸಗಿ ವಿಮೆ ಇದ್ದವರು ಆ ಬಿಲ್ಲುಗಳನ್ನು ಎತ್ತಿಡಿ. ಅಡ್ಮಿಟ್ ಆಗುವ ಮುಂಚಿನ 30 ಅಥವಾ 60 ದಿನದ ಪರೀಕ್ಷೆಗಳ ಖರ್ಚು ಆಮೇಲೆ ಕೇಳಬಹುದು. ಎಲ್ಲೇ ಬಯಾಪ್ಸಿ ಮಾಡಿಸಿದರೂ ಸ್ಲೈಡ್ ಮತ್ತು ಮೇಣದ ಬ್ಲಾಕ್ ಕೇಳಿ ಪಡೆಯಿರಿ. ಆಸ್ಪತ್ರೆ ಬದಲಾಯಿಸಿದಾಗ ಮತ್ತೊಮ್ಮೆ ಸೂಜಿ ಚುಚ್ಚಿಸಿಕೊಂಡು ಮತ್ತೊಮ್ಮೆ ದುಡ್ಡು ಕೊಡುವುದು ತಪ್ಪುತ್ತದೆ.

ಎರಡನೆಯ ಹೊಡೆತ ದೂರದ್ದು. ಕೀಮೋ ಸಾಮಾನ್ಯವಾಗಿ 21 ದಿನಕ್ಕೊಂದು ಸಲ, ಆರೋ ಎಂಟೋ ಸುತ್ತು. ರೇಡಿಯೇಷನ್ ಆದರೆ ವಾರಕ್ಕೆ ಐದು ದಿನ, ಮೂರರಿಂದ ಆರು ವಾರ. ರಾಯಚೂರಿನಿಂದ ಬಂದವರು ಅಷ್ಟು ದಿನ ಬೆಂಗಳೂರಿನಲ್ಲಿ ಎಲ್ಲಿರಬೇಕು, ಏನು ತಿನ್ನಬೇಕು? ಯಾವ ಕಾರ್ಡೂ ಇದನ್ನು ಕೊಡುವುದಿಲ್ಲ. ಮೊದಲ ಕೀಮೋ ಆದ ಮೇಲೆ ಉಳಿದ ಸುತ್ತುಗಳನ್ನು ಜಿಲ್ಲಾ ಆಸ್ಪತ್ರೆಯ ಡೇ-ಕೇರ್ ಕೀಮೋ ಕೇಂದ್ರದಲ್ಲಿ ಕೊಡಬಹುದೇ ಎಂದು ವೈದ್ಯರನ್ನು ಕೇಳಿ. 2025ರಿಂದ ರಾಜ್ಯದ ಹಲವು ಜಿಲ್ಲೆಗಳಲ್ಲಿ ಈ ಸೌಲಭ್ಯ ಬಂದಿದೆ. ಚಿಕಿತ್ಸೆಗೆ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಶೇ 100 ರಿಯಾಯಿತಿ, ಜೊತೆಗಿರುವ ಒಬ್ಬರಿಗೆ ಶೇ 75. ಆಸ್ಪತ್ರೆಯಿಂದ ನಿಗದಿತ ನಮೂನೆಯಲ್ಲಿ ಪತ್ರ ಬರೆಸಿ ನಿಲ್ದಾಣದ ಕೌಂಟರಿನಲ್ಲಿ ಕೊಡಬೇಕು.

ಖಾಸಗಿ ಪಾಲಿಸಿಯಲ್ಲಿ ನೋಡಬೇಕಾದ್ದು: ಇಮ್ಯುನೊಥೆರಪಿ, ಬಾಯಿಯ ಮೂಲಕ ಕೊಡುವ ಕೀಮೋ, ರೋಬೋಟ್ ಶಸ್ತ್ರಚಿಕಿತ್ಸೆಗೆ ಒಳಮಿತಿ ಇದೆಯೇ. ಇವುಗಳನ್ನು ಪೂರ್ತಿ ಹೊರಗಿಡುವಂತಿಲ್ಲ, ಆದರೆ ಮಿತಿ ಹಾಕಬಹುದು. ಮನೆಯಲ್ಲಿ ಐದು ವರ್ಷ ನುಂಗುವ ಹಾರ್ಮೋನ್ ಮಾತ್ರೆ ಸಾಮಾನ್ಯವಾಗಿ ಸೇರುವುದಿಲ್ಲ. ಚಿಕಿತ್ಸೆ ಎರಡು ಪಾಲಿಸಿ ವರ್ಷಗಳಿಗೆ ಹರಡಿದರೆ ನವೀಕರಣದ ದಿನ ಮೊತ್ತ ಮತ್ತೆ ತುಂಬುತ್ತದೆ. ತುರ್ತಲ್ಲದ ಹಂತಗಳನ್ನು ಯೋಜಿಸುವಾಗ ಈ ದಿನಾಂಕ ವೈದ್ಯರಿಗೂ ಗೊತ್ತಿರಲಿ. ಕ್ಲೇಮು ಮಾಡಿದ ಕಾರಣಕ್ಕೆ ನವೀಕರಣ ನಿರಾಕರಿಸುವಂತಿಲ್ಲ.

ಕಿಡ್ನಿಯಲ್ಲಿ

ವಾರಕ್ಕೆ ಮೂರು ಸಲ ಅಂದರೆ ವರ್ಷಕ್ಕೆ 156 ಡಯಾಲಿಸಿಸ್. ಒಂದಕ್ಕೆ 2,000 ಎಂದು ಹಿಡಿದರೂ 3,12,000, ಅದೂ ಪ್ರತಿ ವರ್ಷ. ಖಾಸಗಿ ಪಾಲಿಸಿ ಇದರಲ್ಲೇ ಕರಗಿ, ನಡುವೆ ಸೋಂಕಾಗಿ ಐಸಿಯು ಸೇರಿದರೆ ಬರಿದಾಗಿರುತ್ತದೆ. ಆದ್ದರಿಂದ ಡಯಾಲಿಸಿಸ್‌ಗೆ ಸರ್ಕಾರಿ ಘಟಕ, ಪಾಲಿಸಿಯನ್ನು ಅಡ್ಮಿಷನ್ ಮತ್ತು ಕಸಿಗೆ ಉಳಿಸಿಕೊಳ್ಳುವುದು ಜಾಣತನ. ಬಿಪಿಎಲ್‌ನವರಿಗೆ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ, ಆದರೆ ಪಾಳಿ ಸಿಗಲು ಕಾಯಬೇಕು. ಕಿಡ್ನಿ ಕೈಕೊಡುತ್ತಿದೆ ಎಂದು ವೈದ್ಯರು ಹೇಳಿದಾಗಲೇ ಕೈಯಲ್ಲಿ ಫಿಸ್ಟುಲಾ (ಡಯಾಲಿಸಿಸ್ ಸೂಜಿಗೆಂದು ರಕ್ತನಾಳಗಳನ್ನು ಜೋಡಿಸುವುದು) ಮಾಡಿಸಿ, ಅದು ಬಲಿಯಲು ಒಂದೂವರೆ ಎರಡು ತಿಂಗಳು ಬೇಕು. ತಡ ಮಾಡಿದವರು ಕುತ್ತಿಗೆಗೆ ಕ್ಯಾತಿಟರ್ ಎಂಬ ಕೊಳವೆ ಹಾಕಿಸಿಕೊಂಡು ಸೋಂಕಿನ ಖರ್ಚು ಹೊರುತ್ತಾರೆ. ರಕ್ತ ಹೆಚ್ಚಿಸುವ ಇಂಜೆಕ್ಷನ್ ಘಟಕದಲ್ಲೇ ಕೊಡುತ್ತಾರೋ ಹೊರಗೆ ಬರೆಯುತ್ತಾರೋ ಕೇಳಿ.

ಕಸಿಗೆ ರಾಜ್ಯದಲ್ಲಿ ಬಿಪಿಎಲ್ ಕುಟುಂಬಗಳಿಗೆ ಪ್ರತ್ಯೇಕ ನೆರವಿದೆ. ಮಿದುಳು ನಿಷ್ಕ್ರಿಯರಾದವರ ಅಂಗಕ್ಕಾಗಿ ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ಬರೆಸುವುದು ಕಸಿ ಆಸ್ಪತ್ರೆಯ ಮೂಲಕ. ಮನೆಯವರೇ ಕಿಡ್ನಿ ಕೊಡುವುದಾದರೆ ದಾನಿಯ ಶಸ್ತ್ರಚಿಕಿತ್ಸೆ ಖರ್ಚು ಬಹಳ ಪಾಲಿಸಿಗಳಲ್ಲಿ ಸೇರಿದೆ, ಅವರ ಮುಂಚಿನ ಪರೀಕ್ಷೆಗಳು ಮತ್ತು ಆಮೇಲಿನ ಆರೈಕೆ ಸಾಮಾನ್ಯವಾಗಿ ಇಲ್ಲ.

ತಡೆದಾಗ, ತಳ್ಳಿಹಾಕಿದಾಗ

2017ರ ನವೆಂಬರ್‌ನಲ್ಲಿ ರಾಜ್ಯದ ಖಾಸಗಿ ಆಸ್ಪತ್ರೆಗಳು ಮುಷ್ಕರ ಹೂಡಿದ್ದು ಖಾಸಗಿ ಆಸ್ಪತ್ರೆಗಳನ್ನು ನಿಯಂತ್ರಿಸುವ ಕೆಪಿಎಂಇ ಕಾಯ್ದೆಯ ತಿದ್ದುಪಡಿಯ ವಿರುದ್ಧ. ಕೊನೆಗೆ ಬಿಗಿ ಕಡಿಮೆಯಾಗಿ ಅಂಗೀಕಾರವಾದರೂ ಅದರಲ್ಲಿ ಉಳಿದ ಕೆಲವು ಸಂಗತಿ ರೋಗಿಗೆ ಉಪಯುಕ್ತ. ತುರ್ತು ಸ್ಥಿತಿಯಲ್ಲಿ ಮುಂಗಡಕ್ಕಾಗಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ದರಪಟ್ಟಿ ಕಾಣುವಂತೆ ಹಾಕಿರಬೇಕು. ರೋಗಿ ತೀರಿಕೊಂಡರೆ ಬಾಕಿ ಬಿಲ್ಲಿಗಾಗಿ ಶವ ಕೊಡದೆ ಇರುವಂತಿಲ್ಲ. ದೂರು ಜಿಲ್ಲಾ ಮಟ್ಟದ ನೋಂದಣಿ ಪ್ರಾಧಿಕಾರಕ್ಕೆ, ಅದರ ಅಧ್ಯಕ್ಷರು ಜಿಲ್ಲಾಧಿಕಾರಿ. ಯೋಜನೆಯ ಹೆಸರಿನಲ್ಲಿ ಅಡ್ಮಿಟ್ ಮಾಡಿ ‘ಔಷಧಿಗೆ ಬೇರೆ ಕೊಡಿ’ ಎಂದರೆ ರಸೀದಿ ಕೇಳಿ, ಆರೋಗ್ಯ ಸಹಾಯವಾಣಿ 104ಕ್ಕೆ ಹೇಳಿ.

ಖಾಸಗಿ ವಿಮೆಯಲ್ಲಿ ಕ್ಯಾಶ್‌ಲೆಸ್ (ಆಸ್ಪತ್ರೆಗೆ ಕಂಪನಿಯೇ ನೇರ ಹಣ ಕಟ್ಟುವ) ಒಪ್ಪಿಗೆಗೆ ಒಂದು ಗಂಟೆ, ಡಿಸ್ಚಾರ್ಜ್ ಒಪ್ಪಿಗೆಗೆ ಮೂರು ಗಂಟೆ ಎಂದು 2024ರಿಂದ ನಿಯಮವಿದೆ. ಕ್ಯಾಶ್‌ಲೆಸ್ ನಿರಾಕರಿಸಿದ ಮಾತ್ರಕ್ಕೆ ಕ್ಲೇಮು ಸತ್ತಿತೆಂದಲ್ಲ. ದುಡ್ಡು ಕಟ್ಟಿ, ಮೂಲ ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ಪರೀಕ್ಷಾ ವರದಿಗಳೊಂದಿಗೆ ಮರುಪಾವತಿ ಕೇಳಬಹುದು. ಡಿಸ್ಚಾರ್ಜ್ ಸಮ್ಮರಿಯನ್ನು ಆಸ್ಪತ್ರೆ ಬಿಡುವ ಮೊದಲೇ ಓದಿ. ‘ಐದು ವರ್ಷದಿಂದ ಸಕ್ಕರೆ ಕಾಯಿಲೆ’ ಎಂದು ಕಿರಿಯ ವೈದ್ಯರು ಅಂದಾಜಿನಲ್ಲಿ ಬರೆದ ಒಂದು ಸಾಲಿನಿಂದ ಕ್ಲೇಮುಗಳು ಬಿದ್ದುಹೋಗುತ್ತವೆ. ತಪ್ಪಿದ್ದರೆ ಅಲ್ಲೇ ತಿದ್ದಿಸಿ ಸಹಿ ಹಾಕಿಸಿ. ತಳ್ಳಿಹಾಕಿದರೆ ಕಾರಣ ಪಾಲಿಸಿಯ ಯಾವ ಷರತ್ತು ಎಂದು ಲಿಖಿತವಾಗಿ ಕೇಳಿ, ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ (ವಿಮೆಯ ತಕರಾರು ತೀರ್ಮಾನಿಸುವ ಅಧಿಕಾರಿ) ಕಚೇರಿಗೆ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ತಕರಾರು ಅಲ್ಲಿ ನಡೆಯುತ್ತದೆ. ಗ್ರಾಹಕ ಆಯೋಗಕ್ಕೆ ಹೋಗುವ ಯೋಚನೆ ಇದ್ದರೆ ಒಂಬುಡ್ಸ್‌ಮನ್ ಬಳಿ ಮೊದಲು ಹೋಗಿ, ಯಾಕೆಂದರೆ ಆಯೋಗದಲ್ಲಿ ಅರ್ಜಿ ಹಾಕಿದ ಮೇಲೆ ಅದೇ ವಿಷಯವನ್ನು ಒಂಬುಡ್ಸ್‌ಮನ್ ತೆಗೆದುಕೊಳ್ಳುವುದಿಲ್ಲ.